ಬಾಟಲಿಯ ಬೆನ್ನಿನ ಎರಡು ಸಾಲು

ನನ್ನ ಭಾವನಿಗೆ ವೈನರಿಯಲ್ಲಿ ಚೀಟಿ ಮೇಷ್ಟ್ರು ಎಂದೇ ಹೆಸರು. ಅವರು ಒಂದು ದಿನವೂ ಯಾರಿಗೂ ಪಾಠ ಹೇಳಿದವರಲ್ಲ. ಬಾಟಲಿಯ ಬೆನ್ನಿಗೆ ಅಂಟಿಸುವ ಚೀಟಿಯಲ್ಲಿ, ಈ ವೈನಿನ ಜೊತೆಗೆ ಏನು ತಿಂದರೆ ಚೆನ್ನಾಗಿರುತ್ತದೆ ಎಂದು ಎರಡೇ ಎರಡು ಸಾಲು ಬರೆಯುವುದು ಅವರ ಕೆಲಸ. ಆ ಎರಡು ಸಾಲಿಗಾಗಿ ಅವರು ತಲೆ ಕೆರೆದುಕೊಳ್ಳುವುದನ್ನು, ಬರೆದದ್ದನ್ನು ಹೊಡೆದುಹಾಕಿ ಮತ್ತೆ ಬರೆಯುವುದನ್ನು ನೋಡಿದವರು ಮೇಷ್ಟ್ರು ಎನ್ನದೆ ಬೇರೇನು ಅಂದಾರು? ನಾನು ಅದೇ ವೈನರಿಯಲ್ಲಿ ವ್ಯಾನ್ ಓಡಿಸುತ್ತೇನೆ. ಅವರ ಹೆಂಡತಿ ನನ್ನ ಒಡಹುಟ್ಟಿದ ಅಕ್ಕ. ಹಾಗಾಗಿ ನಡೆದದ್ದೆಲ್ಲ ನನಗೆ ಗೊತ್ತು. ನಡುವೆ ಆದ ದೊಡ್ಡ ಎಡವಟ್ಟಂತೂ ಪೂರ್ತಿ ನನ್ನದೇ.

ನಮ್ಮ ವೈನರಿ ಇರುವುದು ಬೆಟ್ಟದ ಇಳಿಜಾರಿನಲ್ಲಿ. ಬೆಳಗಿನ ಹತ್ತರವರೆಗೆ ಮಂಜು ಕದಲುವುದಿಲ್ಲ. ಬೇಸಿಗೆ ಬಂತೆಂದು ಸ್ವೆಟರ್ ಮಡಿಸಿ ಒಳಗಿಡುವ ಹಾಗಿಲ್ಲ. ಇಂಥ ಚಳಿಯಲ್ಲಿ ದ್ರಾಕ್ಷಿಗೆ ಅವಸರವೇ ಇಲ್ಲ. ಕೆಳಗಿನ ಬಯಲಿನವರು ಕೊಯ್ಲು ಮುಗಿಸಿ ಬುಟ್ಟಿ ತೊಳೆದಿಟ್ಟು ತಿಂಗಳಾದ ಮೇಲೆ ನಮ್ಮ ಹಣ್ಣು ಹದಕ್ಕೆ ಬರುತ್ತದೆ. ಬಂದಾಗಲೂ ಅದರ ಹುಳಿ ಬಿಟ್ಟುಹೋಗಿರುವುದಿಲ್ಲ. ರೀಸ್ಲಿಂಗ್ ಎನ್ನುವ ತಳಿ. ಅದರ ಬಿಳಿ ವೈನ್ ನೋಡಲು ಒಣಹುಲ್ಲಿನ ತೆಳು ಬಣ್ಣ. ಬಾಯಿಗಿಟ್ಟರೆ ಹಸಿರು ಸೇಬು ಕಚ್ಚಿದ ಹಾಗೆ ದವಡೆಯ ಮೂಲೆಯಲ್ಲಿ ನೀರೂರುತ್ತದೆ. ಬರೀ ಹೊಟ್ಟೆಯಲ್ಲಿ ಕುಡಿದರೆ ಕೆಲವರು ಮುಖ ಕಿವುಚುವುದೂ ಉಂಟು. ತಟ್ಟೆಯಲ್ಲಿ ತಕ್ಕದ್ದು ಇದ್ದರೆ ಮಾತ್ರ ಅದರ ಗಮ್ಮತ್ತು ಗೊತ್ತಾಗುವುದು. ಆ ಎರಡು ಸಾಲು ಬೇಕಾಗುವುದು ಅದಕ್ಕೇ.

ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಿಬಿಡಬೇಕು. ಇಪ್ಪತ್ತೊಂದು ವರ್ಷ ಆ ಸಾಲುಗಳನ್ನು ಬರೆದ ಭಾವ ನಮ್ಮ ವೈನನ್ನು ಒಂದು ಹನಿಯೂ ಕುಡಿದವರಲ್ಲ.

ಕುಡಿಯಬಾರದೆಂಬ ಹಟವೇನೂ ಇರಲಿಲ್ಲ, ಮೈಗೆ ಆಗುತ್ತಿರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಗೆಳೆಯನ ಮದುವೆಯ ಊಟದಲ್ಲಿ ಅರ್ಧ ಗ್ಲಾಸ್ ವೈನ್ ಕುಡಿದಿದ್ದರಂತೆ. ಐದು ನಿಮಿಷದಲ್ಲಿ ತುಟಿ ಊದಿ, ಮೈಯೆಲ್ಲ ದದ್ದು ಎದ್ದು, ಗಂಟಲು ಕಟ್ಟಿ, ಮದುಮಗನ ಕಾರಿನಲ್ಲೇ ಅವರನ್ನು ಆಸ್ಪತ್ರೆಗೆ ಹೊತ್ತೊಯ್ದಿದ್ದರಂತೆ. "ಇನ್ನೊಂದ್ಸಲ ಕುಡಿದ್ರೆ ಇಲ್ಲಿಗೆ ಬರೋಷ್ಟು ಟೈಮೂ ಸಿಗಲ್ಲ" ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ಅಂಥವರು ವೈನರಿಗೇ ಯಾಕೆ ಬಂದು ಸೇರಿದರು ಎಂದರೆ, ಬೇರೆ ಬಾಗಿಲು ಕಾಣಲಿಲ್ಲ. ಅದಕ್ಕೆ ಮೊದಲು ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದರು. ಪ್ರೆಸ್ ಮುಚ್ಚಿತು. ಮಗಳಿಗೆ ಆಗ ಎರಡು ವರ್ಷ. ವೈನರಿಯಲ್ಲಿ ಚೀಟಿ ಅಚ್ಚು ಹಾಕಿಸುವುದಕ್ಕೆ ಒಬ್ಬರು ಬೇಕಂತೆ ಎಂದು ಯಾರೋ ಹೇಳಿದರು, ಹೋದರು. ಹಳೇ ಯಜಮಾನರು ಕಾಗದದ ದಪ್ಪ, ಅಕ್ಷರದ ಅಳತೆ, ಬಣ್ಣ ಎಲ್ಲವನ್ನೂ ವಿಚಾರಿಸಿ, ಸರಿ ಎಂದು ಬಾಗಿಲವರೆಗೆ ಬಂದು ಬೀಳ್ಕೊಡುವಾಗ, "ವೈನ್ ಕುಡೀತೀರಿ ತಾನೆ?" ಎಂದರು.

"ಓಹೋ, ಕುಡೀತೀನಿ ಸಾರ್" ಎಂದು ಭಾವನ ಬಾಯಿಂದ ಬಂದುಬಿಟ್ಟಿತು. ಆ ಮಾತು ಆಮೇಲೆ ಅವರ ಬೆನ್ನು ಬಿಡಲಿಲ್ಲ.

ಮೊದಲ ಕೆಲವು ತಿಂಗಳು ತೊಂದರೆಯೇನೂ ಇರಲಿಲ್ಲ. ಮೇಜು, ದೀಪ, ಕರಡು, ಕೆಂಪು ಪೆನ್ನು. ಒಂದು ದಿನ ಹಳೇ ಯಜಮಾನರು ಬಂದು, "ಬಾಟಲಿಯ ಹಿಂಬದಿ ಬೋಳು ಬೋಳಾಗಿ ಕಾಣ್ತಿದೆ. ಏನು ತಿನ್ನಬೇಕು ಅಂತ ಎರಡು ಸಾಲು ಹಾಕಿ, ನಾಳೆ ಅಚ್ಚಿಗೆ ಹೋಗ್ಬೇಕು" ಎಂದು ಹೇಳಿ ಹೋಗಿಬಿಟ್ಟರು. ಭಾವ ಒಂದು ಬಾಟಲಿ ಹಿಡಿದು ಮನೆಗೆ ಬಂದರು. ಅಕ್ಕ ಅಂದು ಮೀನು ಬೆಣ್ಣೆಯಲ್ಲಿ ಹುರಿಯುತ್ತಿದ್ದಳು. ಭಾವ ಗ್ಲಾಸನ್ನು ಮೂಗಿಗೆ ಹಿಡಿದರು, ಒಂದು ತುಂಡು ಮೀನು ತಿಂದರು, ಮತ್ತೆ ಮೂಗಿಗೆ ಹಿಡಿದರು. ಅಕ್ಕ ಒಂದು ಗುಟುಕು ಕುಡಿದು, "ಥೂ, ನಿಂಬೆಹಣ್ಣು ಹಿಂಡಿದ ಹಾಗಿದೆ" ಎಂದಳು. ಮೀನು ತಿಂದು ಇನ್ನೊಂದು ಗುಟುಕು ಕುಡಿದಳು. ಆಮೇಲೆ, "ಅಲ್ಲ ರೀ, ಬಾಯಲ್ಲಿದ್ದ ಜಿಡ್ಡೆಲ್ಲ ತೊಳೆದ ಹಾಗಾಯ್ತು. ಇನ್ನೊಂದು ತುಂಡು ತಿನ್ನೋಣ ಅನ್ನಿಸ್ತಿದೆ" ಎಂದಳು.

ಭಾವ ಬರೆದರು: 'ಬೆಣ್ಣೆಯಲ್ಲಿ ಮೀನು ಹುರಿದ ದಿನ ತೆರೆಯಿರಿ. ನಿಂಬೆಹಣ್ಣನ್ನು ಬುಟ್ಟಿಯಲ್ಲೇ ಬಿಡಿ, ಇದೇ ಸಾಕು.'

ಆ ಎರಡು ಸಾಲು ಜನಕ್ಕೆ ಹಿಡಿಸಿತು. ಅಂಗಡಿಗೆ ಬಂದವರು ಬಾಟಲಿಯ ಮುಖ ನೋಡುವ ಮೊದಲು ಬೆನ್ನು ತಿರುಗಿಸಿ ಓದಿ ನಗುತ್ತಿದ್ದರು. ಇದನ್ನು ಬರೆದವರು ಯಾರು ಎಂದು ಹೋಟೆಲಿನವರು ಕೇಳಿದರು. ಹಳೇ ಯಜಮಾನರು ಹಿಗ್ಗಿ, "ಇನ್ಮೇಲೆ ಪ್ರತಿ ವರ್ಷ ನೀವೇ ಬರೀಬೇಕು. ರುಚಿ ನೋಡೋ ದಿನ ನಮ್ಮ ಜೊತೆ ಕೂತ್ಕೊಳ್ಳಿ" ಎಂದರು. ಭಾವನಿಗೆ ಬಡ್ತಿ ಸಿಕ್ಕಿದ ಆ ದಿನ ಮನೆಯಲ್ಲಿ ಅವರ ಮುಖ ನೋಡಿದ್ದರೆ ಕೆಲಸ ಹೋಯಿತೇನೋ ಎಂದುಕೊಳ್ಳಬೇಕಿತ್ತು.

ಆದರೆ ರುಚಿ ನೋಡುವ ಕೋಣೆಯಲ್ಲಿ ಅವರನ್ನು ಕಾಪಾಡಿದ್ದು ಆ ವೃತ್ತಿಯ ಪದ್ಧತಿಯೇ. ಬೆಳಗಿನಿಂದ ಸಂಜೆಯವರೆಗೆ ಇಪ್ಪತ್ತು ಮೂವತ್ತು ಬಗೆ ನೋಡಬೇಕಾದವರು ಯಾರೂ ಅದನ್ನು ನುಂಗುವುದಿಲ್ಲ. ಬಾಯಿಗೆ ಹಾಕಿಕೊಂಡು, ಅತ್ತಿತ್ತ ಆಡಿಸಿ, ಮಧ್ಯದಲ್ಲಿಟ್ಟ ಬಕೆಟ್ಟಿಗೆ ಉಗುಳುತ್ತಾರೆ. ಎಲ್ಲರೂ ಉಗುಳುವ ಜಾಗದಲ್ಲಿ ಕುಡಿಯದವನೊಬ್ಬ ಇದ್ದರೆ ಯಾರಿಗೆ ಗೊತ್ತಾಗಬೇಕು? ಭಾವ ತುಟಿಗೆ ದಪ್ಪಗೆ ವ್ಯಾಸಲೀನ್ ಬಳಿದುಕೊಂಡು ಹೋಗುತ್ತಿದ್ದರು. ಗ್ಲಾಸ್ ಎತ್ತಿ, ಮೂಸಿ, ಬಾಯಿ ಬಿಗಿಹಿಡಿದು ಅಂಚನ್ನು ತುಟಿಗೆ ಮುಟ್ಟಿಸಿ, ಕೆನ್ನೆ ಆಡಿಸಿ, ಬಕೆಟ್ಟಿನ ಮೇಲೆ ಬಾಗಿ, ಕರ್ಚೀಫಿನಿಂದ ಒರೆಸಿಕೊಳ್ಳುತ್ತಿದ್ದರು. ಗ್ಲಾಸಿನಲ್ಲಿ ಉಳಿದದ್ದನ್ನು ಎಲ್ಲರಂತೆ ಬಕೆಟ್ಟಿಗೆ ಸುರಿಯುತ್ತಿದ್ದರು. ಪ್ರತಿ ಸಲ ಮನೆಗೆ ಬಂದಾಗ ಅಂಗಿಯ ಬೆನ್ನು ಒದ್ದೆ.

ಹಾಗೆಂದು ಅವರು ಬರೆದದ್ದು ಕಟ್ಟುಕಥೆಯಲ್ಲ. ಮೂಗು ಅವರದು, ನಾಲಿಗೆ ಅಕ್ಕನದು. ಭಾನುವಾರ ಮಧ್ಯಾಹ್ನ ಅವರ ಅಡುಗೆಮನೆಯ ಮೇಜಿನ ಮೇಲೆ ಒಂದು ಬಾಟಲಿ, ಆರೇಳು ತಟ್ಟೆ. ಸುಟ್ಟ ಕೋಳಿ, ಬೇಯಿಸಿದ ಆಲೂಗಡ್ಡೆಗೆ ಬೆಣ್ಣೆ ಉಪ್ಪು, ಆಡಿನ ಹಾಲಿನ ಮೆತ್ತನೆಯ ಚೀಸ್, ಹುರಿದ ಅಣಬೆ, ಉಪ್ಪಿಗೆ ಹಾಕಿದ ಮೀನು, ಖಾರ ಹಚ್ಚಿದ ಸೀಗಡಿ. ಅಕ್ಕ ತಿಂದು, ಒಂದು ಗುಟುಕು ಕುಡಿದು, ಮುಲಾಜಿಲ್ಲದೆ ತೀರ್ಪು ಕೊಡುತ್ತಿದ್ದಳು. "ಇದಕ್ಕೂ ಅದಕ್ಕೂ ಜಗಳ." "ಇದು ಪರವಾಗಿಲ್ಲ, ಹೊಸ ಸೊಸೆ ತರ ಸುಮ್ನಿದೆ." ಒಂದು ಸಲ ಬೇಯಿಸಿದ ಮೊಟ್ಟೆಯ ಜೊತೆ ಕುಡಿದು ಓಡಿಹೋಗಿ ಬಾಯಿ ತೊಳೆದುಕೊಂಡಳು. "ಬೆಂಕಿಕಡ್ಡಿ ನೆಕ್ಕಿದ ಹಾಗಾಯ್ತು" ಎಂದಳು. ಮೊಟ್ಟೆ ಆಮೇಲೆ ಯಾವ ಚೀಟಿಯಲ್ಲೂ ಬರಲಿಲ್ಲ. ಖಾರದ ತಿಂಡಿಗೆ ಸ್ವಲ್ಪ ಸಿಹಿ ಉಳಿಸಿಕೊಂಡ ವೈನೇ ಸರಿ, ಸಿಹಿಯೇ ಇಲ್ಲದ್ದು ನಾಲಿಗೆಯನ್ನು ಇನ್ನೂ ಉರಿಸುತ್ತದೆ ಎಂದು ಕಂಡುಹಿಡಿದವಳೂ ಅವಳೇ.

ಭಾವನಿಗೆ ಸ್ವಂತ ನಾಲಿಗೆಯಿಂದ ಗೊತ್ತಿದ್ದದ್ದು ಒಂದೇ, ಹಣ್ಣಿನ ರಸ. ಕೊಯ್ಲಿನ ದಿನ ಹಣ್ಣು ಹಿಂಡುವ ಯಂತ್ರದಿಂದ ಇಳಿಯುವ ಮೊದಲ ರಸ, ಇನ್ನೂ ಹುದುಗದ್ದು. ಅದರಲ್ಲಿ ಅಪಾಯವಿಲ್ಲ. ಅದನ್ನು ಒಂದು ಲೋಟದಲ್ಲಿ ಹಿಡಿದು ಅವರ ಕೈಗೆ ಕೊಡುತ್ತಿದ್ದವರು ಪೀಪಾಯಮ್ಮ.

ಪೀಪಾಯಮ್ಮ ಎಂದರೆ ನೆಲಮಾಳಿಗೆಯ ಯಜಮಾನಿಕೆ ನೋಡಿಕೊಳ್ಳುವವರು, ವೈನ್ ಮಾಡುವವರು. ಅವರು ಸೇರಿದಾಗ ಅಲ್ಲಿ ಮರದ ಪೀಪಾಯಿಗಳಿದ್ದವು. ಈಗ ಉಕ್ಕಿನ ಟ್ಯಾಂಕುಗಳು ಬಂದಿವೆ, ಹೆಸರು ಮಾತ್ರ ಹಾಗೇ ಉಳಿದಿದೆ. ಅರವತ್ತು ದಾಟಿದೆ, ಮೊಣಕಾಲು ನೋವು, ಮಾತು ಕಡಿಮೆ. ಯಾರ ಅಭಿಪ್ರಾಯಕ್ಕೂ ಸೊಪ್ಪು ಹಾಕದ ಅವರು ಭಾವನ ಮಾತನ್ನು ಮಾತ್ರ ಕಿವಿಗೊಟ್ಟು ಕೇಳುತ್ತಿದ್ದರು. "ಈ ಮನೇಲಿ ನನ್ನ ವೈನು ಅರ್ಥ ಆಗೋದು ಚೀಟಿ ಮೇಷ್ಟ್ರಿಗೊಬ್ಬರಿಗೇ" ಎಂದು ಎಲ್ಲರೆದುರಿಗೆ ಹೇಳುತ್ತಿದ್ದರು. ಅವರು ಹಾಗೆ ಹೇಳಿದ ದಿನ ಭಾವ ಊಟ ಸರಿಯಾಗಿ ಮಾಡುತ್ತಿರಲಿಲ್ಲ.

ಹೋದ ವರ್ಷ ಹಳೇ ಯಜಮಾನರು ಮಗಳಿಗೆ ಎಲ್ಲವನ್ನೂ ವಹಿಸಿಕೊಟ್ಟು ವಿಶ್ರಾಂತಿಗೆ ಹೋದರು. ಚಿಕ್ಕ ಯಜಮಾನಿ ಚುರುಕು. ಬಂದ ಎರಡೇ ತಿಂಗಳಲ್ಲಿ ನಲವತ್ತು ಮಂದಿ ಹೋಟೆಲಿನವರನ್ನು ಮಧ್ಯಾಹ್ನದ ಊಟಕ್ಕೆ ಕರೆಯಲು ನಿಶ್ಚಯಿಸಿ, ಭಾವನನ್ನು ಕರೆಸಿದರು.

"ಮೇಷ್ಟ್ರೇ, ನೀವು ಎಲ್ಲರ ಮಧ್ಯೆ ನಿಲ್ಬೇಕು. ನೀವು ಮೊದಲ ಗುಟುಕು ಕುಡೀತೀರಿ, ಎಲ್ಲರೂ ಗ್ಲಾಸ್ ಎತ್ತುತ್ತಾರೆ. ಆಮೇಲೆ ಯಾವುದಕ್ಕೆ ಯಾವ ಊಟ ಅಂತ ನೀವು ಹೇಳ್ತಾ ಹೋಗಿ."

"ಬಕೆಟ್ ಇರುತ್ತಾ ಮೇಡಂ?" ಎಂದರು ಭಾವ.

"ಊಟದ ಮೇಜಿನ ಮೇಲೆ ಬಕೆಟ್ಟಾ?" ಎಂದು ಅವರು ನಕ್ಕುಬಿಟ್ಟರು.

ಆ ಸಂಜೆ ನಾನು ಅಕ್ಕನ ಮನೆಗೆ ಹೋದಾಗ ಭಾವ ಕುರ್ಚಿಯ ತುದಿಯಲ್ಲಿ ಕೂತು ಚಹಾ ಆರಿಸುತ್ತಿದ್ದರು. ಜ್ವರ ಬಂತು ಅಂದುಬಿಡಲೇ ಎಂದರು. ಬಂದರೆ ದಿನ ಮುಂದೆ ಹಾಕುತ್ತಾರೆ ಅಷ್ಟೇ ಎಂದೆ. ಅಕ್ಕ ನೇರವಾಗಿ, "ಇದ್ದದ್ದು ಇದ್ದ ಹಾಗೆ ಹೇಳ್ಬಿಡಿ. ಯಾರೇನು ತಲೆ ತೆಗೀತಾರಾ?" ಎಂದಳು.

"ಇಪ್ಪತ್ತೊಂದು ವರ್ಷ ಕಣೇ. ಒಂದು ವರ್ಷ ಆಗಿದ್ರೆ ಹೇಳ್ಬಹುದಿತ್ತು. ಪೀಪಾಯಮ್ಮನ ಮುಖ ಹೇಗೆ ನೋಡ್ಲಿ?"

ಆಗ ನಾನು ಜಾಣತನ ತೋರಿಸಿದೆ. ಸೇಬಿನ ರಸಕ್ಕೆ ಮೂರು ಪಾಲು ನೀರು ಬೆರೆಸಿದರೆ ಬಣ್ಣ ಥೇಟ್ ನಮ್ಮ ವೈನಿನದೇ. ಅದನ್ನು ಖಾಲಿ ಬಾಟಲಿಗೆ ತುಂಬಿ, ಕುತ್ತಿಗೆಗೆ ನೀಲಿ ದಾರ ಕಟ್ಟಿ, ಬಡಿಸುವವರಲ್ಲಿ ಒಬ್ಬಳಿಗೆ ಹೇಳಿಟ್ಟರೆ ಆಯಿತು. "ಭಾವ, ನೀವು ನೆಮ್ಮದಿಯಾಗಿ ಗಟಗಟ ಕುಡೀರಿ" ಎಂದೆ. ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು. ಭಾವನಿಗೆ ಮಾತ್ರ ಹೋದ ಜೀವ ಬಂದಂತಾಯಿತು.

ಊಟದ ದಿನ ವೈನರಿಯ ಉದ್ದನೆಯ ಕೋಣೆಯಲ್ಲಿ ಬಿಳಿ ಬಟ್ಟೆ ಹಾಸಿದ ಮೇಜು, ಎರಡೂ ಬದಿ ಕುರ್ಚಿಗಳು. ಭಾವನ ಜಾಗ ಎಡಸಾಲಿನ ನಾಲ್ಕನೆಯ ಕುರ್ಚಿ ಎಂದು ಹಿಂದಿನ ದಿನವೇ ಗುರುತು ಮಾಡಿಕೊಂಡಿದ್ದೆ. ಬಡಿಸುವ ಹುಡುಗಿಗೆ ನೀಲಿ ದಾರದ ಬಾಟಲಿ ಕೊಟ್ಟು, "ಎಡಗಡೆ ನಾಲ್ಕನೇ ಕುರ್ಚಿಗೆ ಇದನ್ನೇ ಹಾಕು, ಇನ್ನೊಂದನ್ನ ಮುಟ್ಟಿಸಬೇಡ" ಎಂದೆ. ಕಾರಣ ಕೇಳಿದಳು. ಹೊಟ್ಟೆಹುಣ್ಣು ಎಂದೆ. ಅವಳು ಪಾಪ ಹೇಳಿದಷ್ಟನ್ನು ಚಾಚೂ ತಪ್ಪದೆ ಮಾಡಿದಳು.

ನನ್ನ ತಪ್ಪು ಇದ್ದದ್ದು ಅಲ್ಲಿಯೇ. ಕುರ್ಚಿ ಹೇಳಿದೆನೇ ಹೊರತು ಮನುಷ್ಯನನ್ನು ತೋರಿಸಲಿಲ್ಲ. ಊಟಕ್ಕೆ ಕೂರುವ ಹೊತ್ತಿಗೆ ಚಿಕ್ಕ ಯಜಮಾನಿ, "ಮೇಷ್ಟ್ರು ಮಧ್ಯದಲ್ಲಿರಲಿ, ಎಲ್ಲರಿಗೂ ಕಾಣ್ಬೇಕು" ಎಂದು ಭಾವನ ತೋಳು ಹಿಡಿದು ತಮ್ಮ ಪಕ್ಕಕ್ಕೆ ಕರೆದೊಯ್ದರು. ನಾಲ್ಕನೆಯ ಕುರ್ಚಿಯಲ್ಲಿ ಒಬ್ಬ ಹಿರಿಯ ಹೋಟೆಲಿನವರು ಕೂತರು. ದಪ್ಪ ಕನ್ನಡಕ, ಕಿವಿಯಲ್ಲಿ ಯಂತ್ರ, ಐವತ್ತು ವರ್ಷ ಹೋಟೆಲ್ ನಡೆಸಿದ ನಾಲಿಗೆ. ನಾನು ಆಗ ಹಿತ್ತಲಿನಲ್ಲಿ ವ್ಯಾನಿನಿಂದ ಐಸ್ ಇಳಿಸುತ್ತಿದ್ದೆ.

ಅಡುಗೆಮನೆಯ ಬಾಗಿಲಿಗೆ ಬಂದು ಇಣುಕುವಷ್ಟರಲ್ಲಿ ಎಲ್ಲರ ಮುಂದೆ ಬೆಣ್ಣೆಯಲ್ಲಿ ಹುರಿದ ಮೀನು ಬಂದಿತ್ತು. ಎಲ್ಲರ ಗ್ಲಾಸೂ ತುಂಬಿತ್ತು. ಭಾವ ಎದ್ದು ನಿಂತಿದ್ದರು. ಚಿಕ್ಕ ಯಜಮಾನಿ, "ಮೊದಲ ಗುಟುಕು ನಮ್ಮ ಚೀಟಿ ಮೇಷ್ಟ್ರದ್ದು" ಎಂದರು. ನಲವತ್ತು ಮುಖಗಳು ಅವರತ್ತ ತಿರುಗಿದವು. ಮೇಜಿನ ತುದಿಯಲ್ಲಿ ಪೀಪಾಯಮ್ಮ ಗಲ್ಲಕ್ಕೆ ಕೈ ಕೊಟ್ಟು ನೋಡುತ್ತಿದ್ದರು.

ಭಾವ ಅಭ್ಯಾಸಬಲದಿಂದ ಮೂಗಿಗೆ ಹಿಡಿದರು. ಹಿಡಿದ ಕೈ ಅಲ್ಲೇ ನಿಂತಿತು. ಅವರ ಮೂಗಿಗೆ ಮೋಸ ಮಾಡುವವರು ಯಾರು? ಅದು ಅಪ್ಪಟ ವೈನ್. ಅವರ ಕಣ್ಣು ಕೋಣೆಯೆಲ್ಲ ನನ್ನನ್ನು ಹುಡುಕಿತು. ನನ್ನ ಕಣ್ಣು ನೀಲಿ ದಾರವನ್ನು ಹುಡುಕಿತು. ಅದು ಆ ಹಿರಿಯರ ಮುಂದೆ ನಿಂತಿತ್ತು. ನನ್ನನ್ನು ನಂಬಿ ಭಾವ ಆ ದಿನ ತುಟಿಗೆ ವ್ಯಾಸಲೀನ್ ಕೂಡ ಹಚ್ಚಿಕೊಂಡಿರಲಿಲ್ಲ. ತಲೆ ಜೋರಾಗಿ ಅಲ್ಲಾಡಿಸಿದೆ, ಬೇಡ ಬೇಡ ಎಂದು.

ಭಾವ ಗ್ಲಾಸನ್ನು ಮೇಜಿನ ಮೇಲಿಟ್ಟರು.

"ಕ್ಷಮಿಸ್ಬೇಕು" ಎಂದರು. "ನಾನು ಇದನ್ನ ಕುಡಿಯೋ ಹಾಗಿಲ್ಲ. ಕುಡಿದ್ರೆ ಸತ್ತೇಹೋಗ್ತೀನಿ."

ತಮಾಷೆ ಎಂದುಕೊಂಡು ಎಲ್ಲರೂ ನಕ್ಕರು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ನಗು ಇಳಿಯುವವರೆಗೆ ಕಾದು ಅವರು ಮುಂದುವರಿಸಿದರು. ಮದುವೆಯ ಊಟ, ಆಸ್ಪತ್ರೆ, ಹಳೇ ಯಜಮಾನರಿಗೆ ಬಾಗಿಲಲ್ಲಿ ಹೇಳಿದ ಸುಳ್ಳು, ಬಕೆಟ್ಟು, ಎಲ್ಲವನ್ನೂ ಹೇಳಿದರು. "ಚೀಟಿಯಲ್ಲಿ ಬರೆದದ್ದು ಒಂದೂ ಸುಳ್ಳಲ್ಲ. ಮೂಸಿದ್ದು ನಾನು, ರುಚಿ ನೋಡಿದ್ದು ನನ್ನ ಹೆಂಡತಿ. ಅವಳ ಹೆಸರು ಹೇಳ್ದೆ ನನ್ನದು ಅಂತ ತೋರಿಸ್ಕೊಂಡಿದ್ದು ಮಾತ್ರ ತಪ್ಪು. ಇಷ್ಟು ವರ್ಷ ಹೇಳೋಕೆ ಧೈರ್ಯ ಬರ್ಲಿಲ್ಲ."

ಚಿಕ್ಕ ಯಜಮಾನಿಯ ಮುಖ ಬಿಳಿಚಿಕೊಂಡಿತ್ತು. ಅಷ್ಟರಲ್ಲಿ ನಾಲ್ಕನೆಯ ಕುರ್ಚಿಯ ಹಿರಿಯರು ದೊಡ್ಡ ದನಿಯಲ್ಲಿ ಕೇಳಿದರು:

"ಅದಿರಲಿ. ಹಾಗಾದ್ರೆ ನನ್ನ ಗ್ಲಾಸಲ್ಲಿರೋದೇನು? ಇದು ವೈನ್ ಅಲ್ಲ ತಾನೆ?"

ನಾನು ಬಾಗಿಲಿನಿಂದ ಮುಂದೆ ಬಂದು, "ಸೇಬಿನ ರಸಕ್ಕೆ ನೀರು ಸಾರ್, ನಾನೇ ಬೆರೆಸಿದ್ದು. ಅದು ಭಾವನಿಗೆ ಹೋಗ್ಬೇಕಿತ್ತು" ಎಂದೆ.

ಹಿರಿಯರು ಕುರ್ಚಿಗೆ ಒರಗಿ ದೊಡ್ಡದಾಗಿ ಉಸಿರುಬಿಟ್ಟರು. "ಅಯ್ಯೋ ಪುಣ್ಯಾತ್ಮ! ಎಲ್ಲರಿಗಿಂತ ಮೊದಲೇ ಕದ್ದು ಒಂದು ಗುಟುಕು ಕುಡಿದಿದ್ದೆ. ಹುಳಿ ಇಲ್ಲ, ಘಮ ಇಲ್ಲ, ಏನೂ ಇಲ್ಲ. ಕಿವಿ ಹೋಯ್ತು, ಈಗ ನಾಲಿಗೇನೂ ಹೋಯ್ತು, ಇನ್ನು ಹೋಟೆಲ್ ಬಾಗಿಲು ಹಾಕೋದೇ ಅಂತ ಕೂತಿದ್ದೆ ಕಣಯ್ಯಾ!"

ಅವರು ನಗತೊಡಗಿದರು. ಆ ನಗು ಮೇಜಿನುದ್ದಕ್ಕೂ ಹರಡಿತು. ನಕ್ಕು ಕಣ್ಣೊರೆಸಿಕೊಂಡು ಅವರು, "ಕೂತ್ಕೊಳ್ಳಿ ಮೇಷ್ಟ್ರೇ. ಮೂಗಲ್ಲೇ ಹೇಗೆ ಬರೀತೀರಿ ಅಂತ ಹೇಳಿ. ಮೀನು ಆರಿಹೋಗ್ತಿದೆ" ಎಂದರು.

ಭಾವ ಕೂತು ಹೇಳಿದರು. ನಮ್ಮ ಬೆಟ್ಟದ ಚಳಿ ಹಣ್ಣಿನಲ್ಲಿ ಹುಳಿಯನ್ನು ಹೇಗೆ ಉಳಿಸುತ್ತದೆ, ಆ ಹುಳಿ ಬೆಣ್ಣೆಯ ಜಿಡ್ಡನ್ನು ಹೇಗೆ ಕತ್ತರಿಸುತ್ತದೆ, ಉಪ್ಪಿನ ಚೀಸಿನ ಮುಂದೆ ಅದೇ ವೈನ್ ಯಾಕೆ ಹಣ್ಣಿನ ರುಚಿ ಕೊಡುತ್ತದೆ, ಕೋಳಿಗೆ ಹುಳಿ ಸಾರು ಸುರಿದರೆ ಕೋಳಿ, ವೈನ್ ಎರಡೂ ಯಾಕೆ ಕೆಡುತ್ತವೆ. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಅವರು ಆ ವಿಷಯವನ್ನು ಬೆವರದೆ ಮಾತಾಡಿದರು. ಜನ ತಿಂದರು, ಕುಡಿದರು, ಅಕ್ಕನ ಬಗ್ಗೆ ಕೇಳಿದರು. ಬೆಂಕಿಕಡ್ಡಿಯ ಮಾತು ಹೇಳಿದಾಗ ಇಬ್ಬರು ಹೋಟೆಲಿನವರು ಅದನ್ನು ಬರೆದುಕೊಂಡರು.

ಆದರೆ ಮೇಜಿನ ತುದಿಯ ಕುರ್ಚಿ ಖಾಲಿಯಾಗಿತ್ತು. ಪೀಪಾಯಮ್ಮ ಯಾವಾಗ ಎದ್ದು ಹೋದರೋ ಯಾರೂ ನೋಡಿರಲಿಲ್ಲ.

ಊಟವಾದ ಮೇಲೆ ಚಿಕ್ಕ ಯಜಮಾನಿ ನಮ್ಮಿಬ್ಬರನ್ನೂ ಆಫೀಸಿಗೆ ಕರೆದು ಬಾಗಿಲು ಹಾಕಿದರು. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ನಿಂತೆವು. ಅವರು ಕೂರಲೇ ಇಲ್ಲ, ಕಿಟಕಿಯಿಂದ ಮೇಜಿಗೆ, ಮೇಜಿನಿಂದ ಕಿಟಕಿಗೆ ಓಡಾಡಿದರು.

"ಗ್ಲಾಸನ್ನ ನಿಮ್ಮ ಕೈಗೆ ಕೊಟ್ಟಿದ್ದು ನಾನು. ಕುಡೀರಿ ಅಂದಿದ್ದೂ ನಾನು. ನಾಚಿಕೆಗೆ ಕುಡಿದುಬಿಟ್ಟಿದ್ರೆ? ನಿಮ್ಮ ಮನೆಯವರಿಗೆ ನಾನೇನು ಹೇಳ್ತಿದ್ದೆ?" ಅವರ ಕಣ್ಣು ತುಂಬಿತ್ತು. "ಇನ್ಮೇಲೆ ಒಂದು ಗ್ಲಾಸೂ ನಿಮ್ಮ ತುಟಿ ಹತ್ರ ಹೋಗ್ಬಾರದು. ಮೂಸಿ, ಅಷ್ಟೇ. ರುಚಿ ನೋಡೋ ದಿನ ನಿಮ್ಮ ಮನೆಯವರನ್ನ ಕರ್ಕೊಂಡು ಬನ್ನಿ, ಅವರೂ ಇಲ್ಲಿಯ ಕೆಲಸದವರೇ ಇನ್ನು." ಆಮೇಲೆ ನನ್ನತ್ತ ತಿರುಗಿ, "ನೀನು ಹೋಗಿ ಅಷ್ಟೂ ಗ್ಲಾಸ್ ತೊಳಿ. ಒಂದು ಒಡೆದ್ರೂ ನೋಡು" ಎಂದರು.

ಗ್ಲಾಸ್ ತೊಳೆಯುತ್ತಾ ನಾನು ಸಿಳ್ಳೆ ಹಾಕಿದೆ. ಭಾವ ಮಾತ್ರ ನೆಲಮಾಳಿಗೆಯ ಮೆಟ್ಟಿಲಿನವರೆಗೆ ಹೋಗಿ, ಮುಚ್ಚಿದ ಬಾಗಿಲು ನೋಡಿ ಹಿಂತಿರುಗಿದರು.

ನಾಲ್ಕು ದಿನ ಪೀಪಾಯಮ್ಮ ಅವರೊಂದಿಗೆ ಮಾತಾಡಲಿಲ್ಲ. ಎದುರಿಗೆ ಬಂದರೆ ಟ್ಯಾಂಕಿನ ಮೀಟರ್ ಓದುವವರಂತೆ ಆ ಕಡೆ ತಿರುಗುತ್ತಿದ್ದರು. ಐದನೆಯ ದಿನ ಭಾವ ಕೆಳಗಿಳಿದರು. ನಾನು ಖಾಲಿ ಕ್ರೇಟ್ ಎತ್ತುವ ನೆಪದಲ್ಲಿ ಅಲ್ಲೇ ಇದ್ದೆ.

"ಅಮ್ಮಾ, ಬೈಯೋದಿದ್ರೆ ಬೈದುಬಿಡಿ" ಎಂದರು ಭಾವ.

ಪೀಪಾಯಮ್ಮ ಪೈಪು ಸುತ್ತುತ್ತಲೇ ಇದ್ದರು. "ಬೈಯೋಕೆ ನೀವೇನು ಕದ್ದಿದ್ದೀರಾ?" ಎಂದರು. "ಪ್ರತಿ ವರ್ಷ ಯಾವ ಟ್ಯಾಂಕ್ ಚೆನ್ನಾಗಿ ಬಂದಿದೆಯೋ ಅದನ್ನ ನಿಮಗೆ ಅಂತ ಮೊದಲು ತೆಗೆದಿಡ್ತಿದ್ದೆ. ಮೇಷ್ಟ್ರು ಏನಂತಾರೆ ಅಂತ ನೋಡ್ತಾ ನಿಂತಿರ್ತಿದ್ದೆ. ನೀವು ಅದನ್ನ ಬಕೆಟ್ಟಿಗೆ ಸುರೀತಿದ್ರಿ. ಉಗುಳಿದ್ರೆ ಬೇಜಾರಿಲ್ಲ, ಅದು ಕೆಲಸ. ಬಾಯಿಗೇ ಹಾಕ್ಲಿಲ್ಲವಲ್ಲ!"

ಭಾವ ಒಂದು ಖಾಲಿ ಕ್ರೇಟಿನ ಮೇಲೆ ಕೂತುಬಿಟ್ಟರು. ತಲೆ ತಗ್ಗಿಸಿಕೊಂಡೇ, "ವೈನ್ ಕುಡಿದಿಲ್ಲ ನಿಜ. ಆದ್ರೆ ನೀವು ಕೊಟ್ಟ ರಸ ಒಂದು ವರ್ಷಾನೂ ಬಿಟ್ಟಿಲ್ಲ. ಸಿಹಿ ಕಳೆದ್ರೆ ಏನು ಉಳಿಯುತ್ತೆ ಅಂತ ಅದರಿಂದಲೇ ಲೆಕ್ಕ ಹಾಕ್ತಿದ್ದೆ" ಎಂದರು.

"ಹೌದಾ? ಮಳೆ ಹೆಚ್ಚಾಗಿತ್ತಲ್ಲ, ಆ ವರ್ಷದ್ದು ಹೇಗಿತ್ತು ಹೇಳಿ ನೋಡೋಣ."

"ಕೆಳಗಿನ ಸಾಲಿನ ಬಳ್ಳಿಯದ್ದು ನೀರು ನೀರು. ಲೋಟ ಕೊಟ್ಟು ನೀವು ಮುಖ ಆ ಕಡೆ ಮಾಡಿದ್ರಿ. ಮೇಲಿನ ಸಾಲು ಒಂಬತ್ತು ದಿನ ಬಿಟ್ಟು ಕೊಯ್ದಿದ್ದು. ಅದರಲ್ಲಿ ಸೀಬೆಹಣ್ಣಿನ ಸಿಪ್ಪೆ ಕಚ್ಚಿದ ಹಾಗೆ ಒಂದು ಒಗರಿತ್ತು. ಅದಕ್ಕೇ ಆ ವರ್ಷ ಮೀನು ಬಿಟ್ಟು ಅಣಬೆ ಬರೆದೆ."

ಪೀಪಾಯಮ್ಮ ಪೈಪು ಕೆಳಗಿಟ್ಟರು. ಮೊಣಕಾಲು ಹಿಡಿದುಕೊಂಡು ಹೋಗಿ, ಮೂರನೆಯ ಟ್ಯಾಂಕಿನ ನಲ್ಲಿ ತಿರುಗಿಸಿ ಒಂದು ಗ್ಲಾಸ್ ಹಿಡಿದು ತಂದು ಭಾವನ ಕೈಗಿಟ್ಟರು.

"ಮೂಸಿ."

ಭಾವ ಕಣ್ಣು ಮುಚ್ಚಿ ಮೂಸಿದರು. ಬಕೆಟ್ಟಿಲ್ಲ, ತುಟಿ ಬಿಗಿಹಿಡಿಯಬೇಕಾಗಿಲ್ಲ, ಕೆನ್ನೆ ಆಡಿಸಬೇಕಾಗಿಲ್ಲ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಮೂಸಿದರು.

"ಇದು ಇನ್ನೂ ಬಾಟಲಿಗೆ ಹೋಗ್ಬಾರದು ಅಮ್ಮಾ. ಒಳಗೇ ಮುದುಡಿಕೊಂಡಿದೆ. ಎರಡು ತಿಂಗಳು ಬಿಡಿ."

"ನಾನು ಮೂರು ಅಂದ್ಕೊಂಡಿದ್ದೆ" ಎಂದರು ಪೀಪಾಯಮ್ಮ. ಗ್ಲಾಸನ್ನು ಅವರ ಕೈಯಿಂದ ತೆಗೆದುಕೊಂಡು, ಅದರಲ್ಲಿದ್ದದ್ದನ್ನು ತಾವೇ ಕುಡಿದು, ಇನ್ನೊಂದು ಕ್ರೇಟಿನ ಮೇಲೆ ಉಸ್ಸೆಂದು ಕೂತರು. "ಮನೆಯವರನ್ನ ಯಾವತ್ತು ಕರ್ಕೊಂಡು ಬರ್ತೀರಿ? ಆ ಮೊಟ್ಟೆ ವಿಷಯ ಎಲ್ಲರೂ ಹೇಳ್ತಿದ್ದಾರೆ, ನಾನೂ ಒಂದ್ಸಲ ಮಾತಾಡ್ಬೇಕು."

ಭಾವ ಮೆಟ್ಟಿಲು ಹತ್ತಿ ಹೊರಗೆ ಬಂದು ಬಿಸಿಲಲ್ಲಿ ನಿಂತರು. ಏನಾಯ್ತು ಭಾವ ಎಂದರೆ, "ಏನಿಲ್ಲ, ಹಸಿವಾಗ್ತಿದೆ" ಎಂದರು. ವ್ಯಾನಿನಲ್ಲಿ ನನ್ನ ಊಟದ ಡಬ್ಬಿಯಿತ್ತು. ನನಗೊಂದು ತುತ್ತೂ ಉಳಿಸಲಿಲ್ಲ.

ಆ ಚಳಿಗಾಲ ಅಕ್ಕ ರುಚಿ ನೋಡುವ ಕೋಣೆಗೆ ಬಂದಳು. ಮೊದಲ ಅರ್ಧ ಗಂಟೆ ಸಂಕೋಚದಿಂದ ಸೆರಗಿನ ತುದಿ ತಿರುಚುತ್ತಾ ಕೂತಿದ್ದಳು. ಆಮೇಲೆ, ಕೊನೆಯ ಕೊಯ್ಲಿನ ತುಸು ಸಿಹಿ ವೈನಿಗೆ ಚೀಸೇ ಸರಿ ಎಂದು ಪೀಪಾಯಮ್ಮ ಅಂದದ್ದೇ ತಡ, "ಅಲ್ಲ ಕಣಮ್ಮಾ, ಚೀಸ್ ಹಾಕಿದ್ರೆ ಮಲಗೇಬಿಡುತ್ತೆ. ಖಾರದ ಸೀಗಡಿ ತಿಂದು ಕುಡಿದು ನೋಡಿ" ಎಂದು ಶುರುಮಾಡಿದಳು. ಪೀಪಾಯಮ್ಮ ಸೋಲುವವರಲ್ಲ. ಚಿಕ್ಕ ಯಜಮಾನಿ ಮಧ್ಯೆ ಬಾಯಿ ಹಾಕಲು ಎರಡು ಸಲ ಪ್ರಯತ್ನಿಸಿ ಕೈಬಿಟ್ಟರು. ಭಾವ ಒಂದು ಗ್ಲಾಸನ್ನು ಮೂಗಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಬೆಣ್ಣೆ ಸವರಿದ ಆಲೂಗಡ್ಡೆ ಹಿಡಿದು, ಇಬ್ಬರ ಮಾತನ್ನೂ ಕೇಳುತ್ತಾ ನಿಧಾನವಾಗಿ ತಿನ್ನುತ್ತಿದ್ದರು. ಜಗಳ ಮುಗಿಯುವ ಲಕ್ಷಣ ಕಾಣದಿದ್ದಾಗ ನನ್ನನ್ನು ಕರೆದು, ಸೀಗಡಿ ಎಲ್ಲಿ ಸಿಗುತ್ತದೋ ನೋಡಿಕೊಂಡು ಬಾ ಎಂದು ಪೇಟೆಗೆ ಕಳಿಸಿದರು.